ಹೊಸ ಕಾರಿಗೆ ಪಿಪಿಎಫ್ ಬೇಕಾ, ಸೆರಾಮಿಕ್ ಸಾಕಾ? ಮಂಗಳೂರು, ಉಡುಪಿಯವರಿಗೆ ಒಂದು ಲೆಕ್ಕಾಚಾರ

ಹೊಸ ಕಾರು ಬುಕ್ ಮಾಡಿ, ಲೋನು, ಇನ್ಶೂರೆನ್ಸ್, ಮ್ಯಾಟು, ಸೀಟ್ ಕವರು ಎಲ್ಲ ಮುಗಿಯಿತು ಅನ್ನುವಾಗ ಶೋರೂಮಿನವರು ಇನ್ನೊಂದು ಹಾಳೆ ಮುಂದಿಡುತ್ತಾರೆ. "ಸರ್, ಸೆರಾಮಿಕ್ ಮಾಡಿಸ್ತೀರಾ, ಪಿಪಿಎಫ್ ಹಾಕಿಸ್ತೀರಾ? ಇಲ್ಲಿ ಉಪ್ಪು ಗಾಳಿ ಅಲ್ವಾ, ಪೇಂಟ್ ಹಾಳಾಗ್ತದೆ." ಆ ಹೊತ್ತಿಗೆ ಎಲ್ಲರಿಗೂ ತಲೆಬಿಸಿ. ಕೆಲವರು ಹೂಂ ಅಂದುಬಿಡುತ್ತಾರೆ, ಕೆಲವರು ಎಲ್ಲ ಬೇಡ ಅನ್ನುತ್ತಾರೆ. ಎರಡೂ ಆತುರವೇ. ಆ ಹಾಳೆಗೆ ಅಲ್ಲೇ ಸಹಿ ಹಾಕಬೇಡಿ. ಒಂದು ವಾರ ತಡವಾದರೆ ಪೇಂಟಿಗೆ ಏನೂ ಆಗುವುದಿಲ್ಲ.

ಪಿಪಿಎಫ್ ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಹಾಳೆ. ಸೆರಾಮಿಕ್ ಅಂದರೆ ಪೇಂಟಿಗೆ ಹಚ್ಚಿ ಒಣಗಿಸುವ ದ್ರವ. ಈ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಕಾರಿಗೆ ಯಾವುದರಿಂದ ಜಾಸ್ತಿ ಪೆಟ್ಟು, ಕಲ್ಲಿನಿಂದಲೋ ಕೊಳೆಯಿಂದಲೋ? ಅದನ್ನು ಮೊದಲು ನೋಡಬೇಕು. ಕಲ್ಲಿಗೆ ಫಿಲ್ಮ್, ಕೊಳೆಗೆ ಸೆರಾಮಿಕ್. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಮಾರುವವರು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದರಿಂದಲೇ ಇಷ್ಟು ಗೊಂದಲ.

ಪೇಂಟಿನ ದಪ್ಪ ಎಷ್ಟು?

ಈ ಒಂದು ಅಂಕಿ ಗೊತ್ತಿದ್ದರೆ ಅರ್ಧ ಮಾರಾಟದ ಮಾತು ಉದುರಿ ಹೋಗುತ್ತದೆ. ಫ್ಯಾಕ್ಟರಿಯಿಂದ ಬಂದ ಕಾರಿನ ಮೇಲೆ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಪೇಂಟ್ ಇರುತ್ತದೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಆಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್. ನಾವು ನೋಡಿ ಖುಷಿಪಡುವ ಹೊಳಪೆಲ್ಲ ಈ ಕ್ಲಿಯರ್ ಕೋಟಿನದ್ದು. ಅದರ ದಪ್ಪ 35ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು. ಝೆರಾಕ್ಸ್ ಹಾಳೆಯ ಅರ್ಧ.

ಈಗ ಉಳಿದ ಎರಡರ ದಪ್ಪ ನೋಡಿ. ಪಿಪಿಎಫ್ 150ರಿಂದ 200 ಮೈಕ್ರಾನ್. ಕಾರಿನ ಪೂರ್ತಿ ಪೇಂಟಿಗಿಂತ ದಪ್ಪ. ಸೆರಾಮಿಕ್ ಕೋಟಿಂಗ್ ಒಣಗಿದ ಮೇಲೆ ಉಳಿಯುವುದು ಒಂದೆರಡು ಮೈಕ್ರಾನ್, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಹಾರಿ ಬರುವ ಜಲ್ಲಿಕಲ್ಲನ್ನು ಒಂದು ಮೈಕ್ರಾನಿನ ಪದರ ತಡೆಯಬಲ್ಲದಾ? ಯಾರೇ ಹೇಳಲಿ, ನಂಬಬೇಡಿ.

ಫಿಲ್ಮ್ ಮಾಡುವ ಕೆಲಸ

ಈ ಫಿಲ್ಮಿನ ಮೂಲ ಕಾರಲ್ಲ, ಹೆಲಿಕಾಪ್ಟರ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಮರಳು, ಕಲ್ಲು ಹೊಡೆದು ರೆಕ್ಕೆಗಳ ಅಂಚು ಸವೆಯುತ್ತಿತ್ತು. ಅದಕ್ಕೆ ಅಂಟಿಸಲು ಪಾಲಿಯುರೆಥೇನ್ ಫಿಲ್ಮ್ ಬಂತು. ಮುಂದೆ ರೇಸ್ ಕಾರುಗಳಿಗೆ, ಆಮೇಲೆ ನಮ್ಮ ನಿಮ್ಮ ಕಾರುಗಳಿಗೆ. ಹುಟ್ಟಿದ್ದೇ ಹೊಡೆತ ತಿನ್ನಲಿಕ್ಕೆ. ಅದು ಮೆತ್ತಗಿದೆ, ಎಳೆದರೆ ಹಿಗ್ಗುತ್ತದೆ. ಕಲ್ಲು ಬಡಿದಾಗ ಪೆಟ್ಟನ್ನು ತಾನು ತೆಗೆದುಕೊಂಡು ಪೇಂಟಿಗೆ ತಲುಪದಂತೆ ನೋಡಿಕೊಳ್ಳುತ್ತದೆ.

ಒಳ್ಳೆಯ ಫಿಲ್ಮ್ ಟಿಪಿಯು ಅನ್ನುವ ವಸ್ತುವಿನದ್ದು. ಅದರ ಮೇಲ್ಪದರಕ್ಕೆ ತಾನಾಗಿ ಸರಿಯಾಗುವ ಗುಣ ಇರುತ್ತದೆ. ಬಟ್ಟೆ ಉಜ್ಜಿ ಆದ ಸಣ್ಣ ಗೀರುಗಳು ಬಿಸಿಲಿಗೆ ನಿಲ್ಲಿಸಿದರೆ, ಇಲ್ಲವೇ ಬಿಸಿನೀರು ಹೊಯ್ದರೆ ಮಾಯವಾಗುತ್ತವೆ. ಈ ಕೆಲಸ ಮಾಡಿಕೊಡುವ ಸ್ಟುಡಿಯೋದಲ್ಲಿ ಸ್ಯಾಂಪಲ್ ತುಂಡಿನ ಮೇಲೆ ತಂತಿ ಬ್ರಷ್ ಎಳೆದು ತೋರಿಸುತ್ತಾರೆ. ತೋರಿಸಿದ್ದು ನಿಜವೇ. ಆದರೆ ಫಿಲ್ಮಿನ ಒಳಗಿನವರೆಗೆ ಸೀಳಿದ ಗಾಯ ಕೂಡುವುದಿಲ್ಲ. ಬೈಕಿನವರು ಹ್ಯಾಂಡಲ್ ತಾಗಿಸಿ ಎಳೆದರೆ ಫಿಲ್ಮ್ ಹರಿಯುತ್ತದೆ, ಒಳಗಿನ ಪೇಂಟ್ ಉಳಿಯುವ ಸಾಧ್ಯತೆ ಜಾಸ್ತಿ. ಆ ಭಾಗದ ಫಿಲ್ಮನ್ನು ಮಾತ್ರ ಬದಲಿಸಿದರಾಯಿತು.

ಕಡಿಮೆ ರೇಟಿಗೆ ಪಿವಿಸಿ, ಟಿಪಿಎಚ್ ಅಂತಲೂ ಫಿಲ್ಮ್ ಸಿಗುತ್ತದೆ. ಪಿವಿಸಿ ಬಿಸಿಲಿಗೆ ಹಳದಿ ತಿರುಗುತ್ತದೆ, ಗಟ್ಟಿಯಾಗುತ್ತದೆ, ತೆಗೆಯುವಾಗ ಚೂರುಚೂರಾಗಿ ಬಂದು ಅಂಟನ್ನು ಪೇಂಟಿನ ಮೇಲೆ ಬಿಡುತ್ತದೆ. ಟಿಪಿಎಚ್ ಅನ್ನುವುದು ಹೆಸರು ಮಾತ್ರ ಟಿಪಿಯು ಥರ, ಒಳಗೆ ಪಿವಿಸಿಯದ್ದೇ ಸಂಬಂಧಿ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಬಿಳಿ ಕಾರಿನ ಮೇಲೆ ಹಳದಿ ಪರದೆ ಹೊದೆಸಿದ ಹಾಗಾದರೆ ದುಡ್ಡು ಕೊಟ್ಟು ಕಾರಿನ ಅಂದ ಕೆಡಿಸಿಕೊಂಡಂತೆ. ಪಿಪಿಎಫ್ ಹಾಕಿಸುವುದಾದರೆ ಟಿಪಿಯು ಹಾಕಿಸಿ, ಬಜೆಟ್ ಸಾಲದಿದ್ದರೆ ಜಾಗ ಕಡಿಮೆ ಮಾಡಿ. ಪೂರ್ತಿ ಕಾರಿಗೆ ಅಗ್ಗದ ಫಿಲ್ಮ್ ಹಾಕಿಸುವುದಕ್ಕಿಂತ ಬಾನೆಟ್ ಒಂದಕ್ಕೆ ಒಳ್ಳೆಯ ಫಿಲ್ಮ್ ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಫಿಲ್ಮಿಗೂ ಒಂದು ತೊಂದರೆ ಉಂಟು, ಅದರ ಅಂಚು. ನಮ್ಮ ಕೆಂಪು ಮಣ್ಣು ಅಂಚಿನಲ್ಲಿ ಕೂತು ಬಿಳಿ ಕಾರಿನ ಮೇಲೆ ತೆಳ್ಳಗಿನ ಕೆಂಪು ಗೆರೆ ಕಾಣಿಸುತ್ತದೆ. ಬಾಗಿಲು, ಬಾನೆಟ್ಟಿನ ಅಂಚಿನಲ್ಲಿ ಫಿಲ್ಮನ್ನು ಒಳಗೆ ಮಡಚಿ ಹಾಕಿದರೆ ಈ ಗೆರೆ ಬರುವುದಿಲ್ಲ. ಅಂಚಿಗೆ ಸರಿಯಾಗಿ ಕತ್ತರಿಸಿ ಬಿಟ್ಟರೆ ಬಂದೇ ಬರುತ್ತದೆ.

ಸೆರಾಮಿಕ್ ಮಾಡುವ ಕೆಲಸ

ಸೆರಾಮಿಕ್ ಅಂದರೆ ಸಿಲಿಕಾ ಮೂಲದ ದ್ರವ. ಸ್ಪಂಜಿನಲ್ಲಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುತ್ತಾರೆ. ಅದು ಕ್ಲಿಯರ್ ಕೋಟಿಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ನೀರು ಹನಿಹನಿಯಾಗಿ ಜಾರುತ್ತದೆ, ಕೆಸರು ಅಂಟುವುದು ಕಡಿಮೆ, ತೊಳೆಯುವ ಕೆಲಸ ಅರ್ಧಕ್ಕರ್ಧ ಹಗುರ. ಬಣ್ಣದ ಆಳ ಹೆಚ್ಚಿದಂತೆ ಕಾಣುತ್ತದೆ. ಕಪ್ಪು, ಕಡು ನೀಲಿ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಕೆಸರು ಹಾರುವ ಊರಿನಲ್ಲಿ ಇದು ಸಣ್ಣ ಉಪಕಾರ ಅಲ್ಲ.

'9ಎಚ್ ಗಡಸುತನ' ಅನ್ನುವ ಮಾತು ಎಲ್ಲ ಬೋರ್ಡಿನಲ್ಲೂ ಇರುತ್ತದೆ. ಕೇಳಿದರೆ ವಜ್ರದ ಸಮೀಪ ಅನ್ನಿಸುತ್ತದೆ. ಅದು ಪೆನ್ಸಿಲ್ ಪರೀಕ್ಷೆಯ ಅಳತೆ. ನಾವು ಶಾಲೆಯಲ್ಲಿ ಬಳಸಿದ ಎಚ್‌ಬಿ ಪೆನ್ಸಿಲಿನ ಸಾಲಿನಲ್ಲೇ ಬರುವ ಗಟ್ಟಿ ಪೆನ್ಸಿಲ್ 9ಎಚ್. ಅದರಿಂದ ಗೀರಿದರೆ ಗುರುತು ಬೀಳುವುದಿಲ್ಲ ಅಂತ ಅರ್ಥ, ಅಷ್ಟೇ. ಕೀಲಿ, ಕಲ್ಲು, ಸೈಕಲ್ ಪೆಡಲ್, ಬೆಕ್ಕಿನ ಉಗುರು, ಇವುಗಳಿಗೆ ಈ ಪರೀಕ್ಷೆ ಗೊತ್ತಿಲ್ಲ. ಗ್ರಾಫೀನ್ ಕೋಟಿಂಗ್ ಅಂತ ಹೇಳುವುದೂ ಹೆಚ್ಚಿನ ಕಡೆ ಇದೇ ಜಾತಿಯ ದ್ರವಕ್ಕೆ ಸ್ವಲ್ಪ ಗ್ರಾಫೀನ್ ಆಕ್ಸೈಡ್ ಸೇರಿಸಿದ್ದು.

ಸೆರಾಮಿಕ್ ಹಾಕಿದ ಕಾರಿಗೆ ನೀರಿನ ಕಲೆಯ ಕಾಟ ಜಾಸ್ತಿ. ಕೇಳಿದವರಿಗೆ ಆಶ್ಚರ್ಯ, ಆದರೆ ಕಾರಣ ಸರಳ. ನೀರು ಹರಡುವ ಬದಲು ಗುಂಡಗಿನ ಹನಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ಹನಿ ಆರಿದಾಗ ಅದರೊಳಗಿನ ಉಪ್ಪು, ಸುಣ್ಣ ಎಲ್ಲ ಒಂದೇ ಬಿಂದುವಿನಲ್ಲಿ ಉಳಿಯುತ್ತದೆ. ಮಳೆನೀರಿಗೆ ಹೆದರಬೇಕಾಗಿಲ್ಲ. ಸಮುದ್ರದ ಬದಿಯ ಮನೆಗಳಲ್ಲಿ ಬೇಸಿಗೆಗೆ ಬಾವಿ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ. ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದು ಬಕೆಟಿನ ತಳ ಕೆಂಪಾಗುತ್ತದೆ. ಅಂಥ ನೀರಿನಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ಬಾನೆಟ್ ತುಂಬ ಬಿಳಿ ಉಂಗುರ. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ನೀರು ತೆಗೆಯುವ ತಾಳ್ಮೆ ನಿಮಗೆ ಇಲ್ಲದಿದ್ದರೆ ಸೆರಾಮಿಕ್ ನಿಮಗೆ ಸಂತೋಷಕ್ಕಿಂತ ಬೇಸರವನ್ನೇ ಕೊಟ್ಟೀತು. ಹೊಸ ಉಂಗುರಕ್ಕೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ನೆರಳಿನಲ್ಲಿ ಮೆಲ್ಲಗೆ ಒರೆಸಿ, ಕೂಡಲೇ ತೊಳೆದರೆ ಹೋಗುತ್ತದೆ. ಹಳತಾದರೆ ಪಾಲಿಶ್ ಮಷಿನ್ ಬೇಕು, ಆಗ ಕೋಟಿಂಗೂ ಹೋಗುತ್ತದೆ.

ಉಪ್ಪು ಗಾಳಿಯ ಮಾತು

ಕರಾವಳಿಯಲ್ಲಿ ಮಾರಾಟದ ದೊಡ್ಡ ಅಸ್ತ್ರವೇ ಉಪ್ಪು ಗಾಳಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಗಟ್ಟಿಯಾಗಿರುವ ಕ್ಲಿಯರ್ ಕೋಟಿಗೆ ಉಪ್ಪು ದೊಡ್ಡ ಶತ್ರು ಅಲ್ಲ. ಉಪ್ಪಿಗೆ ಬೇಕಾದದ್ದು ತಗಡು. ಪೇಂಟಿನಲ್ಲಿ ಒಂದು ತೂತಾದರೆ ಅದು ಒಳಗೆ ಇಳಿಯುತ್ತದೆ. ಆ ತೂತು ಮಾಡುವುದು ಕಲ್ಲು. ತಲಪಾಡಿಯಿಂದ ಸುರತ್ಕಲ್, ಪಡುಬಿದ್ರಿ, ಕಾಪು ದಾಟಿ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವವರಿಗೆ ಜಲ್ಲಿ, ಮರಳು, ಕೆಂಪು ಕಲ್ಲಿನ ಲಾರಿಗಳ ಹಿಂದೆ ಹೋಗುವುದು ತಪ್ಪಿದ್ದಲ್ಲ. ಹೆದ್ದಾರಿ ಕೆಲಸ ನಡೆಯುವ ಕಡೆ ಸರ್ವಿಸ್ ರೋಡಿನ ಪುಡಿ ಕಲ್ಲು ಬೇರೆ. ಬೆಂಗಳೂರಿಗೆ ಹೋಗುವವರಿಗೆ ಬಿ.ಸಿ.ರೋಡ್ ದಾಟಿದ ಮೇಲೆ ಶಿರಾಡಿ, ಇಲ್ಲವೇ ಚಾರ್ಮಾಡಿ. ಮಲೆನಾಡಿಗೆ ಹೋಗುವ ಉಡುಪಿಯವರಿಗೆ ಆಗುಂಬೆ. ಕಲ್ಲು ಬಡಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಪೇಂಟ್ ಹಾರಿರುತ್ತದೆ. ಹಗಲಲ್ಲಿ ಕಣ್ಣಿಗೆ ಬೀಳುವುದೂ ಇಲ್ಲ. ಉಪ್ಪಿನ ತೇವ ಅಲ್ಲಿ ಕೂತು ಕೆಲಸ ಶುರು ಮಾಡುತ್ತದೆ. ಮಳೆಗಾಲ ಮುಗಿಯುವಾಗ ಆ ಚುಕ್ಕೆಯ ಸುತ್ತ ಪೇಂಟ್ ಸಣ್ಣಗೆ ಉಬ್ಬಿ, ನಡುವೆ ಕಂದು ಬಣ್ಣ ಕಾಣಿಸುತ್ತದೆ. ಈಗಿನ ಎಷ್ಟೋ ಕಾರುಗಳ ತಗಡಿಗೆ ಸತುವಿನ ಲೇಪ ಇರುವುದರಿಂದ ಇದು ಹಿಂದಿಗಿಂತ ನಿಧಾನ. ಆದರೆ ನಿಂತಿಲ್ಲ.

ಹಾಗಾಗಿ ಘಟ್ಟದ ಮೇಲಿನ ಒಣ ಊರಿನವರಿಗೆ ಕಲ್ಲಿನ ಚುಕ್ಕೆ ಅಂದರೆ ಬರೀ ಚಂದದ ವಿಷಯ. ನಮಗೆ ಅದು ತುಕ್ಕಿನ ವಿಷಯವೂ ಹೌದು. ಇಲ್ಲಿ ಫಿಲ್ಮಿಗೆ ಬೆಲೆ ಬರುವುದು ಈ ಕಾರಣಕ್ಕೆ.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತು. ಕಲ್ಲು ಹೆಚ್ಚು ಬಡಿಯುವುದು ಮುಂದಿನ ಬಂಪರಿಗೆ. ಆದರೆ ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಬಾನೆಟ್, ರೂಫಿನ ಮುಂಭಾಗದ ಅಂಚು, ವಿಂಡ್‌ಶೀಲ್ಡಿನ ಎರಡು ಬದಿಯ ಕಂಬ, ಬಾಗಿಲಿನ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮುಂದಿನ ಮೂಲೆ, ಇವು ತಗಡು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ತಗಡಿಗೆ ಮೊದಲು ಫಿಲ್ಮ್, ಬಂಪರಿಗೆ ಆಮೇಲೆ. ಸ್ಟುಡಿಯೋದವರ 'ಫ್ರಂಟ್ ಪ್ಯಾಕೇಜ್'ನಲ್ಲಿ ಬಂಪರ್ ಇರುತ್ತದೆ, ಬಾಗಿಲಿನ ಕೆಳಪಟ್ಟಿ ಇರುವುದಿಲ್ಲ. ಕೇಳಿ ಬದಲಾಯಿಸಿಕೊಳ್ಳಿ.

ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು ಹಾರಿ ಬೀಳುವುದು ಕಾರಿನ ಕೆಳಗೆ. ಅಲ್ಲಿ ಪಿಪಿಎಫೂ ಇಲ್ಲ, ಸೆರಾಮಿಕ್ಕೂ ಇಲ್ಲ. ಬಾನೆಟ್ಟಿನ ಹೊಳಪಿಗೆ ಒಂದು ಲಕ್ಷ ಸುರಿದು, ತಳಭಾಗಕ್ಕೆ ವರ್ಷಕ್ಕೊಮ್ಮೆಯೂ ನೀರು ಹಾಯಿಸದಿದ್ದರೆ ಕಾರು ಮುದಿಯಾಗುವುದು ಕೆಳಗಿನಿಂದ. ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ ಅನ್ನುತ್ತೇನೆ, ಆದರೆ ನೀರು ಇಳಿಯುವ ತೂತುಗಳನ್ನು ಮುಚ್ಚದೆ ಮಾಡುವವರ ಹತ್ತಿರ. ಪಣಂಬೂರು, ಮಲ್ಪೆ, ಮರವಂತೆ ಕಡೆ ಕಡಲ ಬದಿಯಲ್ಲಿ ನಿಲ್ಲಿಸಿ ಬಂದರೆ ಮರುದಿನ ಸಿಹಿನೀರಿನಲ್ಲಿ ಚಕ್ರದ ಒಳಗೂ ತಳಕ್ಕೂ ನೀರು ಹಾಯಿಸಿ.

ಕಾಗೆ, ಮಾವು, ಹಲಸು

ಪೇಂಟಿಗೆ ದಿನನಿತ್ಯದ ಪೆಟ್ಟು ಬರುವುದು ಮರದ ಕೆಳಗೆ. ಕಾಗೆಯ ಹಿಕ್ಕೆ ಬಿದ್ದ ಬಾನೆಟ್ಟನ್ನು ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಹತ್ತಿರದಿಂದ ನೋಡಿ. ಬಿಸಿಗೆ ಕ್ಲಿಯರ್ ಕೋಟ್ ಮೆತ್ತಗಾಗಿರುತ್ತದೆ. ಹಿಕ್ಕೆ ಒಣಗಿ ಬಿಗಿಯುತ್ತ, ಮೆತ್ತಗಾದ ಕೋಟನ್ನೂ ಎಳೆಯುತ್ತದೆ. ಅದರೊಳಗಿನ ಆಮ್ಲ ಬೇರೆ. ಸಂಜೆ ತಂಪಾದಾಗ ಆ ಆಕಾರ ಹಾಗೇ ಕೂತುಬಿಡುತ್ತದೆ. ತೊಳೆದರೂ ಬೆಳಕಿಗೆ ಓರೆಯಾಗಿ ನೋಡಿದರೆ ಮಂಕಾದ ಗುರುತು ಕಾಣುತ್ತದೆ.

ಸೆರಾಮಿಕ್ ಇದ್ದರೆ ನಿಮಗೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಅಷ್ಟೇ. ದಿನವಿಡೀ ಬಿಟ್ಟರೆ ಅದರ ಮೇಲೂ ಗುರುತು ಬೀಳುತ್ತದೆ. ಫಿಲ್ಮ್ ಇದ್ದರೆ ಗುರುತು ಫಿಲ್ಮಿಗೆ, ಪೇಂಟಿಗಲ್ಲ. ಎರಡೂ ಇಲ್ಲದವರು ಡ್ಯಾಶ್‌ಬೋರ್ಡಿನಲ್ಲಿ ಒಂದು ಬಾಟಲಿ ನೀರು, ಒಂದಿಷ್ಟು ಟಿಶ್ಯೂ ಇಟ್ಟುಕೊಳ್ಳಿ. ಟಿಶ್ಯೂ ಒದ್ದೆ ಮಾಡಿ ಹಿಕ್ಕೆಯ ಮೇಲೆ ಐದು ನಿಮಿಷ ಇಡಿ. ಅದು ಕರಗಿದ ಮೇಲೆ ಎತ್ತಿ ತೆಗೆಯಿರಿ, ಉಜ್ಜಬೇಡಿ.

ಮಾವಿನ ಸೊನೆ ಕೈಗೆ ತಾಗಿದರೇ ಸುಡುತ್ತದೆ, ಪೇಂಟನ್ನು ಬಿಡುತ್ತದಾ? ಹಲಸಿನ ಮೇಣ ಅಂಟಿದರೆ ನೀರಿಗೆ ಬಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ, ಮೆತ್ತಗಾದ ಮೇಲೆ ತೆಗೆದು, ಶಾಂಪೂ ನೀರಿನಲ್ಲಿ ತೊಳೆಯಿರಿ. ಇಂಥ ಅಂಟಿಗೆ ಸೆರಾಮಿಕ್ ಒಳ್ಳೆಯ ಸಹಾಯ, ಹಿಡಿತ ಗಟ್ಟಿಯಾಗುವುದಿಲ್ಲ. ತೆಂಗಿನ ಮರದಿಂದ ಬೀಳುವ ಮಡಲು, ಕಾಯಿಗೆ ಎರಡೂ ಉತ್ತರ ಅಲ್ಲ. ತಗಡು ನೆಗ್ಗಿದರೆ ಫಿಲ್ಮೂ ಅದರ ಜೊತೆಗೆ ನೆಗ್ಗುತ್ತದೆ. ಜಾಗ ಬದಲಿಸುವುದೇ ಪರಿಹಾರ.

ಫ್ಲ್ಯಾಟಿನಲ್ಲಿ ಇರುವವರಿಗೆ ಇನ್ನೊಂದು ಪೆಟ್ಟು ಬೆಳಿಗ್ಗೆ ಕಾರು ಒರೆಸುವ ಬಟ್ಟೆಯಿಂದ. ಒಂದೇ ಬಕೆಟ್, ಒಂದೇ ಬಟ್ಟೆ, ಹತ್ತು ಕಾರು. ಮೊದಲ ಕಾರಿನ ಮರಳು ಹತ್ತನೆಯದರವರೆಗೆ ಹೋಗುತ್ತದೆ. ಒಂದು ವರ್ಷದಲ್ಲಿ ಬಿಸಿಲಿಗೆ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸುತ್ತುಗೀರು. ಸೆರಾಮಿಕ್ ಇದನ್ನು ತಡೆಯುವುದಿಲ್ಲ, ಫಿಲ್ಮ್ ತಡೆಯುತ್ತದೆ. ಆದರೆ ಎಲ್ಲಕ್ಕಿಂತ ಅಗ್ಗದ ದಾರಿ ಅಂದರೆ ಒರೆಸುವವರಿಗೆ, "ಅಣ್ಣ, ನನ್ನ ಕಾರಿಗೆ ಗ್ಲಾಸು ಮಾತ್ರ ಸಾಕು" ಅಂತ ಹೇಳಿ ಸಂಬಳ ಪೂರ್ತಿ ಕೊಡುವುದು.

ಕವರ್ ಹಾಕಿದರಾಯ್ತಲ್ಲ ಅಂತ ಕೆಲವರು ಹೇಳುತ್ತಾರೆ. ನಮ್ಮ ಹವೆಗೆ ಬೇಡ. ಒದ್ದೆ ಕಾರಿಗೆ ಕವರ್ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ಗಾಳಿಗೆ ಕವರ್ ಅಲುಗಿ ಅದರಡಿಯ ಧೂಳು ಪೇಂಟನ್ನು ಉಜ್ಜುತ್ತದೆ. ಅಂಗಳದಲ್ಲಿ ಒಂದು ಶೀಟಿನ ಮಾಡು ಎಳೆಸಲು ಜಾಗ ಇದ್ದರೆ ಕೋಟಿಂಗಿಗಿಂತ ಮೊದಲು ಅದನ್ನು ಮಾಡಿಸಿ.

ದುಡ್ಡಿನ ವಿಷಯ

ರೇಟು ಕಾರಿನ ಗಾತ್ರ, ಫಿಲ್ಮಿನ ಕಂಪನಿ, ಕೆಲಸಗಾರರ ಕೈ ನೋಡಿ ಬದಲಾಗುತ್ತದೆ. ಅಂದಾಜಿಗೆ, ಪೂರ್ತಿ ಕಾರಿಗೆ ಟಿಪಿಯು ಫಿಲ್ಮ್ ಅಂದರೆ ಸಣ್ಣ ಕಾರಿಗೆ 60-70 ಸಾವಿರದಿಂದ ಶುರುವಾಗಿ ದೊಡ್ಡ ಎಸ್‌ಯುವಿಗೆ ಒಂದೂವರೆ, ಎರಡು ಲಕ್ಷದವರೆಗೆ ಹೋಗುತ್ತದೆ. ಬಾನೆಟ್ ಮತ್ತು ಆಯ್ದ ಜಾಗಗಳಿಗೆ 20ರಿಂದ 40 ಸಾವಿರ. ಸೆರಾಮಿಕ್ಕಿಗೆ 15ರಿಂದ 35 ಸಾವಿರ. ಸೀಲಂಟ್ ಅಥವಾ ವ್ಯಾಕ್ಸ್, ಅಂದರೆ ಪೇಂಟಿನ ಮೇಲೆ ಸ್ವಲ್ಪ ಕಾಲ ಮಾತ್ರ ಉಳಿಯುವ ತೆಳು ಲೇಪ, ಡಬ್ಬಿಗೆ ಸಾವಿರದ ಆಚೀಚೆ, ಮನೆಯಲ್ಲೇ ಹಚ್ಚಬಹುದು. ಹೇಳಿದ ರೇಟಿನಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ.

ಬಾಳಿಕೆ ಬೇರೆ ನೋಡಬೇಕು. ಒಳ್ಳೆಯ ಫಿಲ್ಮಿಗೆ ಕಂಪನಿಗಳು 5ರಿಂದ 10 ವರ್ಷದ ವಾರಂಟಿ ಕೊಡುತ್ತವೆ. ಸೆರಾಮಿಕ್ಕಿಗೆ 3 ವರ್ಷ, 5 ವರ್ಷ ಅಂತ ಬರೆದಿರುತ್ತದೆ, ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ವರ್ಷಕ್ಕೊಮ್ಮೆ ಇಲ್ಲವೇ ಆರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಮೇಂಟೆನೆನ್ಸ್ ಮಾಡಿಸಬೇಕು ಅನ್ನುವ ಷರತ್ತು. ಆ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ. ವ್ಯಾಕ್ಸ್ ನಮ್ಮ ಮಳೆಗೆ ಕೆಲವು ವಾರ, ಸೀಲಂಟ್ ಕೆಲವು ತಿಂಗಳು. ಶೋರೂಮಿನ 'ಟೆಫ್ಲಾನ್ ಕೋಟಿಂಗ್' ಅನ್ನುವುದು ಹೆಚ್ಚಿನ ಸಲ ಇದೇ ಸೀಲಂಟ್ ಜಾತಿಯದ್ದು. ಅದಕ್ಕೆ ಸೆರಾಮಿಕ್ಕಿನ ಹತ್ತಿರದ ದುಡ್ಡು ಕೇಳಿದರೆ ಕೊಡಬೇಡಿ.

ಆಕ್ಸಿಡೆಂಟ್ ಆಗಿ ಒಂದು ಪ್ಯಾನೆಲ್ ಪೇಂಟ್ ಮಾಡಿಸಬೇಕಾಗಿ ಬಂದರೆ ಅದರ ಮೇಲಿನ ಫಿಲ್ಮ್, ಕೋಟಿಂಗ್ ಎರಡೂ ಹೋದಂತೆ. ಇನ್ಶೂರೆನ್ಸಿನವರು ಪೇಂಟಿಗೆ ಕೊಡುತ್ತಾರೆ, ಫಿಲ್ಮಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಪಾಲಿಸಿ ಮಾಡಿಸುವಾಗಲೇ ಇದನ್ನು ವಿಚಾರಿಸಿ. ಬಣ್ಣದ ಪಿಪಿಎಫ್ ಹಾಕಿಸುವ ಆಸೆ ಇದ್ದರೆ ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ ಅನ್ನುವುದು ನೆನಪಿರಲಿ, ಆರ್‌ಟಿಒದಲ್ಲಿ ತಿದ್ದುಪಡಿ ಮಾಡಿಸಬೇಕಾಗುತ್ತದೆ. ಪಾರದರ್ಶಕ ಫಿಲ್ಮಿಗೆ ಈ ರಗಳೆ ಇಲ್ಲ.

ಹಾಗಾದರೆ ಯಾರಿಗೆ ಯಾವುದು?

ಹಂಪನಕಟ್ಟೆ, ಬಿಜೈ, ಕದ್ರಿ ಅಂತ ಊರೊಳಗೇ ಓಡಾಡಿ, ರಾತ್ರಿ ಬೇಸ್‌ಮೆಂಟಿನಲ್ಲಿ ನಿಲ್ಲುವ ಹ್ಯಾಚ್‌ಬ್ಯಾಕಿಗೆ ಪೂರ್ತಿ ಫಿಲ್ಮ್ ದಂಡ. ಏಳೆಂಟು ಲಕ್ಷದ ಕಾರಿಗೆ ಎಂಬತ್ತು ಸಾವಿರದ ಪ್ಲಾಸ್ಟಿಕ್ ಹೊದೆಸುವ ಬದಲು ಆ ದುಡ್ಡಿನಲ್ಲಿ ಮುಂದೆ ಎಷ್ಟೋ ಪ್ಯಾನೆಲ್ ಪೇಂಟ್ ಮಾಡಿಸಬಹುದು. ಸೀಲಂಟ್ ಹಚ್ಚಿ, ಬಾಗಿಲಿನ ಅಂಚು ಮತ್ತು ಹಿಡಿಕೆಯ ಒಳಗಿನ ಗುಳಿಗೆ ಫಿಲ್ಮಿನ ಸಣ್ಣ ತುಂಡು ಹಾಕಿಸಿ. ಉಗುರಿನ ಗೀರು ಜಾಸ್ತಿ ಬೀಳುವುದು ಅಲ್ಲೇ.

ಮಣಿಪಾಲದಿಂದ ಮಂಗಳೂರಿಗೆ ದಿನಾ ಹೋಗಿ ಬರುವವರು, ತಿಂಗಳಿಗೊಮ್ಮೆಯಾದರೂ ಘಟ್ಟ ಹತ್ತುವವರು, ಬಾನೆಟ್, ಕಂಬ, ರೂಫಿನ ಅಂಚು, ಕೆಳಪಟ್ಟಿಗಳಿಗೆ ಟಿಪಿಯು ಫಿಲ್ಮ್ ಹಾಕಿಸಿ, ಉಳಿದ ಕಾರಿಗೆ ಸೆರಾಮಿಕ್ ಮಾಡಿಸಿದರೆ ದುಡ್ಡು ಸರಿಯಾದ ಜಾಗಕ್ಕೆ ಹೋಗುತ್ತದೆ. ನಮ್ಮ ಎರಡು ಜಿಲ್ಲೆಯ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಮನೆಯಲ್ಲಿ ಕಾರಿಗೆ ಶೀಟಿನ ಮಾಡು ಇಲ್ಲ, ಕಾರು ಮರದಡಿ ಬಿಸಿಲು ಮಳೆಗೆ ನಿಲ್ಲುತ್ತದೆ, ತೊಳೆಯಲು ಒಳ್ಳೆಯ ನೀರುಂಟು, ಹೆದ್ದಾರಿ ಓಡಾಟ ಕಡಿಮೆ ಅಂತಾದರೆ ಸೆರಾಮಿಕ್ ಒಂದೇ ಸಾಕು. ನೀರು ಉಪ್ಪಾದರೆ ಸೀಲಂಟೇ ಸಾಕು, ಅದನ್ನು ನಾಲ್ಕು ತಿಂಗಳಿಗೊಮ್ಮೆ ಹಚ್ಚಿ.

ಪೂರ್ತಿ ಫಿಲ್ಮ್ ಯಾರಿಗೆ? ಕಪ್ಪು ಅಥವಾ ಕಡು ಬಣ್ಣದ ದುಬಾರಿ ಕಾರು, ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸು, ತೊಳೆಯುವುದು ಬೇರೆಯವರ ಕೈಯಲ್ಲಿ, ಇವೆಲ್ಲ ಸೇರಿದರೆ ಹಾಕಿಸಿ. ಮೂರು ವರ್ಷಕ್ಕೆ ಕಾರು ಬದಲಿಸುವವರಿಗೆ ಮಾರುವಾಗ ಆ ದುಡ್ಡು ತಿರುಗಿ ಬರುವುದಿಲ್ಲ.

ಯಾವುದೂ ಬೇಡ ಅನ್ನುವವರಿಗೂ ಒಂದು ಮಾತು: ನಿಮ್ಮ ಕಾರಿನ ಬಣ್ಣದ ಕೋಡ್ ಹೇಳಿ ಟಚ್‌ಅಪ್ ಪೇಂಟಿನ ಸಣ್ಣ ಬಾಟಲಿ ತರಿಸಿಟ್ಟುಕೊಳ್ಳಿ. ಕಲ್ಲಿನ ಚುಕ್ಕೆ ಕಂಡ ವಾರದಲ್ಲೇ ಒರೆಸಿ, ಒಣಗಿಸಿ, ಒಂದು ಹನಿ ಇಟ್ಟರೆ ಉಪ್ಪಿಗೆ ಬಾಗಿಲು ಮುಚ್ಚಿತು. ಕೆಲವು ನೂರು ರೂಪಾಯಿಗೆ ಇಷ್ಟು ಉಪಕಾರ ಮಾಡುವುದು ಬೇರೆ ಇಲ್ಲ.

ಮೊದಲು ದೇವಸ್ಥಾನ, ಆಮೇಲೆ ಸ್ಟುಡಿಯೋ

ಡೆಲಿವರಿ ದಿನ ನಮ್ಮಲ್ಲಿ ಕಾರು ಶೋರೂಮಿನಿಂದ ನೇರ ಕಟೀಲಿಗೋ, ಕದ್ರಿಗೋ, ಉಡುಪಿ ಮಠಕ್ಕೋ ಹೋಗುತ್ತದೆ. ಬಾನೆಟ್ಟಿಗೆ ಅರಸಿನ ಕುಂಕುಮ, ಗಂಧ, ಮೇಲೊಂದು ಹೂಮಾಲೆ. ಪೂಜೆ ಆಗಲೇಬೇಕು, ಅದನ್ನು ಸೆರಾಮಿಕ್ ಮಾಡಿಸುವ ಮೊದಲೇ ಮುಗಿಸಿಕೊಳ್ಳಿ. ಹಚ್ಚಿದ ಕೋಟಿಂಗ್ ಗಟ್ಟಿಯಾಗಲು ಕೆಲವು ದಿನ ಬೇಕು. ಆ ಹೊತ್ತಿನಲ್ಲಿ ಅದರ ಮೇಲೆ ಏನೂ ಬೀಳಬಾರದು. ಅರಸಿನದ ಕಲೆ ಫಿಲ್ಮಿನಲ್ಲೂ ಉಳಿದೀತು. ಪೂಜೆಯ ಮರುದಿನ ಕುಂಕುಮವನ್ನು ಒಣಬಟ್ಟೆಯಲ್ಲಿ ಒರೆಸಬೇಡಿ, ಪುಡಿ ಪೇಂಟನ್ನು ಗೀರುತ್ತದೆ. ಧಾರಾಳ ನೀರು ಬಿಟ್ಟು ತೊಳೆಯಿರಿ. ಹೂಮಾಲೆ ಹಿಡಿಸಲು ಸೆಲೋಟೇಪ್ ಅಂಟಿಸಿದ್ದರೆ ಅದೇ ಸಂಜೆ ತೆಗೆಯಿರಿ. ಬಿಸಿಲಿಗೆ ಎರಡು ದಿನ ಬಿಟ್ಟರೆ ಅಂಟು ಪೇಂಟಿನಲ್ಲೇ ಉಳಿಯುತ್ತದೆ.

ಫಿಲ್ಮ್ ಅಥವಾ ಕೋಟಿಂಗ್ ಮಾಡಿಸುವ ಯೋಚನೆ ಇದ್ದರೆ ಶೋರೂಮಿನವರಿಗೆ ಕಾರು ತೊಳೆದು ಪಾಲಿಶ್ ಮಾಡಬೇಡಿ ಅಂತ ಹೇಳಿ. ಅವಸರದ ಪಾಲಿಶಿನಿಂದಲೇ ಹೊಸ ಕಾರಿಗೆ ಮೊದಲ ಗೀರು ಬೀಳುತ್ತದೆ. ಫ್ಯಾಕ್ಟರಿಯ ಪೇಂಟ್ ಹೆಚ್ಚು ಶಾಖದಲ್ಲಿ ಬೇಯಿಸಿ ಬಂದದ್ದು, ಫಿಲ್ಮ್ ಹಾಕಲು ಕಾಯಬೇಕಾಗಿಲ್ಲ. ವರ್ಕ್‌ಶಾಪಿನಲ್ಲಿ ಮತ್ತೆ ಪೇಂಟ್ ಹೊಡೆದ ಪ್ಯಾನೆಲ್ ಆದರೆ ಒಂದು ತಿಂಗಳಾದರೂ ಬಿಡಿ.

ಸ್ಟುಡಿಯೋ ಆರಿಸುವಾಗ

ಬ್ರ್ಯಾಂಡಿನ ಹೆಸರಿಗಿಂತ ಕೈಕೆಲಸ ದೊಡ್ಡದು. ಫಿಲ್ಮನ್ನು ಕಾರಿನ ಅಳತೆಗೆ ಮೊದಲೇ ಮಷಿನಿನಲ್ಲಿ ಕತ್ತರಿಸುತ್ತಾರಾ, ಕಾರಿನ ಮೇಲೆಯೇ ಬ್ಲೇಡ್ ಆಡಿಸುತ್ತಾರಾ ಕೇಳಿ. ಮೇಲೆ ಕತ್ತರಿಸುವುದರಲ್ಲಿ ಪಳಗಿದವರೂ ಇದ್ದಾರೆ, ಆದರೆ ಬ್ಲೇಡಿನ ತುದಿ ಒಂದು ಕೂದಲಷ್ಟು ಆಳ ಹೋದರೂ ಕ್ಲಿಯರ್ ಕೋಟ್ ಸೀಳುತ್ತದೆ. ಫಿಲ್ಮ್ ತೆಗೆದ ದಿನ ಮಾತ್ರ ಅದು ಕಾಣುವುದು. ಅವರು ಆರು ತಿಂಗಳ ಹಿಂದೆ ಮಾಡಿದ ಒಂದು ಕಾರು ತೋರಿಸಲು ಹೇಳಿ. ಮೊನ್ನೆ ಮಾಡಿದ್ದು ಎಲ್ಲವೂ ಚಂದವೇ ಇರುತ್ತದೆ.

ಹೊಸ ಕಾರಿಗೆ 'ಮೂರು ಸ್ಟೇಜ್ ಪೇಂಟ್ ಕರೆಕ್ಷನ್' ಅಂತ ಹೇಳಿ ಬಿಲ್ ಏರಿಸಿದರೆ ಒಪ್ಪಬೇಡಿ. ಕರೆಕ್ಷನ್ ಅಂದರೆ ಕ್ಲಿಯರ್ ಕೋಟನ್ನು ಉಜ್ಜಿ ತೆಳು ಮಾಡುವುದು. ಹೊಸ ಕಾರಿಗೆ ಹಗುರ ಪಾಲಿಶ್ ಒಂದು ಸಾಕು. ಬಿಳಿ ಕಾರಿನಲ್ಲಿ ಕೆಲವು ಸಲ ಮೆಣಸಿನ ಪುಡಿ ಉದುರಿದಂಥ ಕಂದು ಚುಕ್ಕೆಗಳಿರುತ್ತವೆ. ಅದು ಪೇಂಟಿಗೆ ಅಂಟಿ ತುಕ್ಕು ಹಿಡಿದ ಕಬ್ಬಿಣದ ಕಣ. ಅದಕ್ಕೆ ಬೇರೆಯೇ ದ್ರವ ಉಂಟು, ಸಿಂಪಡಿಸಿದರೆ ನೇರಳೆ ಬಣ್ಣಕ್ಕೆ ತಿರುಗಿ ಹರಿದು ಹೋಗುತ್ತದೆ. ಅದನ್ನು ತೆಗೆಯದೆ ಮೇಲೆ ಫಿಲ್ಮ್ ಹಾಕಿದರೆ ಚುಕ್ಕೆ ಒಳಗೇ ಉಳಿಯುತ್ತದೆ.

ಎರಡೂ ಮಾಡಿಸುವುದಾದರೆ ಮೊದಲು ಫಿಲ್ಮ್, ಆಮೇಲೆ ಸೆರಾಮಿಕ್. ಜಾರುವ ಸೆರಾಮಿಕ್ಕಿನ ಮೇಲೆ ಫಿಲ್ಮಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ ಅಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸೆರಾಮಿಕ್ ಬೇಗ ಬಿಗಿದು, ಒರೆಸುವ ಮೊದಲೇ ಮೋಡದಂಥ ಕಲೆ ಉಳಿಯಬಹುದು. ಫಿಲ್ಮ್ ಹಾಕುವಾಗ ಬಳಸುವ ನೀರು ಆರಲು ಹೆಚ್ಚು ದಿನ ಬೇಕು. ಎಸಿ ಹಾಕಿದ, ನಾಲ್ಕೂ ಕಡೆ ಮುಚ್ಚಿದ ಕೋಣೆ ಇರುವ ಸ್ಟುಡಿಯೋ ಆದರೆ ಮಳೆಗಾಲದಲ್ಲೂ ಮಾಡಿಸಬಹುದು. ರಸ್ತೆ ಬದಿಯ ತೆರೆದ ಶೆಡ್ಡಿನಲ್ಲಿ ಬೇಡ. ಜುಲೈಯಲ್ಲಿ ಕಾರು ಬಂದರೆ ಸೀಲಂಟ್ ಹಚ್ಚಿಕೊಂಡು ದಸರೆ ಆಯುಧ ಪೂಜೆ ಕಳೆಯುವವರೆಗೆ ಕಾಯಿರಿ.

ಕಾರು ತರಲು ಹಗಲಲ್ಲೇ ಹೋಗಿ. ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಳ್ಳದೆ ಹೊರಗೆ ಬಿಸಿಲಿಗೆ ತರಿಸಿ. ಫಿಲ್ಮಿನಡಿ ನೀರಿನ ಸಣ್ಣ ಗುಳ್ಳೆ ಇದ್ದರೆ ಗಾಬರಿ ಬೇಡ, ಎರಡು ಮೂರು ವಾರದಲ್ಲಿ ಆರುತ್ತದೆ. ಒತ್ತಿದರೆ ಅಲುಗದೆ ಗಟ್ಟಿಯಾಗಿ ನಿಂತ ಕಣ ಇದ್ದರೆ ಅದು ಧೂಳು, ಹೋಗುವುದಿಲ್ಲ, ಅಲ್ಲೇ ತೋರಿಸಿ. ಅಂಚುಗಳ ಉದ್ದಕ್ಕೂ ಬೆರಳು ಓಡಿಸಿ ನೋಡಿ, ಎಲ್ಲಿ ಸಿಕ್ಕಿದ ಹಾಗಾಗುತ್ತದೋ ಅಲ್ಲಿಂದಲೇ ಫಿಲ್ಮ್ ಮುಂದೆ ಏಳುವುದು. ಬಿಲ್ಲಿನಲ್ಲಿ ಫಿಲ್ಮಿನ ಕಂಪನಿ, ಮಾಡೆಲ್, ರೋಲ್ ನಂಬರ್, ಯಾವ ಯಾವ ಪ್ಯಾನೆಲ್ ಅಂತ ಬರೆಸಿ, ವಾರಂಟಿ ಕಂಪನಿಯಲ್ಲಿ ನಿಮ್ಮ ಗಾಡಿ ನಂಬರಿಗೆ ದಾಖಲಾಗಿದೆಯಾ ಅಂತ ಅಲ್ಲೇ ಮೊಬೈಲಿನಲ್ಲಿ ನೋಡಿಕೊಳ್ಳಿ. ಒಂದು ವಾರ ಶಾಂಪೂ ಹಾಕಿ ತೊಳೆಯಬೇಡಿ. ಆಮೇಲೆ ಪ್ರೆಶರ್ ವಾಶ್ ಮಾಡಿಸುವಾಗ ನಳಿಕೆ ಅಂಚಿನಿಂದ ಒಂದಡಿ ದೂರ ಇರಲಿ. ಹದಿನೈದು ದಿನ ಕಳೆದು ಕಾರನ್ನು ಒಮ್ಮೆ ಸ್ಟುಡಿಯೋಗೆ ತೆಗೆದುಕೊಂಡು ಹೋಗಿ, ಎದ್ದಿರುವ ಅಂಚು ಇದ್ದರೆ ಕೂರಿಸಿ ಕೊಡುತ್ತಾರೆ. ಬಾಕಿ ದುಡ್ಡು ಸ್ವಲ್ಪ ಆ ದಿನಕ್ಕೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.